ಕಡಲಿನಿಂದ ಕಂಡ ಗುಡ್ಡ

ಪೇಂಟರ ಬಲಗಿವಿಯ ಹಿಂದೆ ನೀಲಿ ಬಣ್ಣ ಗಟ್ಟಿಯಾಗಿ ಕೂತಿತ್ತು. ಬ್ರಷ್ಷನ್ನು ಕಿವಿಗೆ ಸಿಕ್ಕಿಸಿಕೊಳ್ಳುವ ಅಭ್ಯಾಸ. ಮದುವೆ ಮನೆಗೆ ಬಂದರೂ ಅದು ಹೋಗುತ್ತಿರಲಿಲ್ಲ. ನಮ್ಮೂರು ಕೋಡಿಯ ದೋಣಿಗಳಿಗೆ ಬಣ್ಣ ಬಳಿದು ಹೆಸರು ಬರೆಯುತ್ತಿದ್ದವರು ಅವರೇ. ಪ್ರಾಯದಲ್ಲಿ ನಮ್ಮ ಮನೆಯವರ ಜೊತೆ ಒಂದೇ ದೋಣಿಯಲ್ಲಿ ಮೀನಿಗೆ ಹೋದವರು. ಮಾತು ಕಡಿಮೆ. ಕೇಳಿದ್ದಕ್ಕೆ ಅರ್ಧ ಉತ್ತರ ಕೊಟ್ಟು, ಉಳಿದರ್ಧವನ್ನು ಎಲೆಯಡಿಕೆಯ ಜೊತೆ ಜಗಿದುಬಿಡುತ್ತಿದ್ದರು.

ನಮ್ಮ ಮನೆಯವರಿಗೆ ಲಕ್ವ ಹೊಡೆದು ಮಾತು, ಬಲಗೈ ಎರಡೂ ಹೋದವು. ಗೋಡೆ ಕಡೆ ಮುಖ ಮಾಡಿ ಮಲಗಿದವರು ಗಂಜಿಗೂ ಬಾಯಿ ತೆರೆಯಲಿಲ್ಲ. ಬೈದೆ, ಬೇಡಿದೆ. ಹೀಗಾದರೆ ಹೆಚ್ಚು ದಿನ ಇಲ್ಲ ಎಂದರು ಡಾಕ್ಟರು.

ನೋಡಲು ಬಂದ ಪೇಂಟರು ಆ ಗೋಡೆಯನ್ನೊಮ್ಮೆ ನೋಡಿ ಎದ್ದು ಹೋದರು. ಮರುದಿನ ಬೆಳಿಗ್ಗೆ ದೋಣಿಗೆ ಬಳಿದು ಉಳಿದ ಬಣ್ಣದ ಡಬ್ಬಿಗಳನ್ನು ಹಿಡಿದು ಬಂದರು. ಮಂಚವನ್ನು ಹಿಂದೆ ಎಳೆದು, ಆ ಗೋಡೆಗೇ ಗುಡ್ಡ ಬಳಿಯತೊಡಗಿದರು.

"ಎಂತ ಪೇಂಟರ್ರೆ ಇದ್? ಒಲಿ ಬೂದಿ ಬಳ್ದಾಂಗಿತ್ತಲೆ! ಹಸ್ರ್ ಬಣ್ಣ ಮುಗ್ದೋಯ್ತಾ?" ಎಂದೆ.

"ಕಡ್ಲಂಗ್ ನಿಂತ್ ಕಂಡ್ರೆ ಕೊಡಚಾದ್ರಿ ಹಸ್ರ್ ಕಾಂತಿಲ್ಲೆ, ಅಕ್ಕ."

"ಬ್ರಷ್ ಎಳ್ದ್ ಗೆರಿ ಎಲ್ಲ ಹಾಂಗೇ ಕಾಂತ್. ನಯ ಮಾಡುಕ್ ಬತ್ತಿಲ್ಯಾ?"

"ದೋಣಿ ಅಲ್ಲಾಡ್ತಲೆ," ಎಂದರು. ಉಳಿದದ್ದನ್ನು ಜಗಿದರು.

ನಾನು ಮೀನು ಮಾರಿದವಳು, ಕಡಲಿಗೆ ಇಳಿದವಳಲ್ಲ. ಆ ಗುಡ್ಡದ ಗುರಿ ಹಿಡಿದೇ ಗಂಡಸರು ಹೊಳೆ ಕಡಲು ಸೇರುವ ಅಳಿವೆಯ ಬಾಯಿಗೆ ದೋಣಿ ತಿರುಗಿಸುತ್ತಿದ್ದರು ಎಂದು ಕೇಳಿ ಗೊತ್ತು, ಅಷ್ಟೇ.

ಮಧ್ಯಾಹ್ನ ನಮ್ಮ ಮನೆಯವರ ಎಡಗೈ ಎದ್ದಿತು. ಬೆರಳು ಬಲಕ್ಕೆ ತೋರಿಸಿತು.

"ಹ್ವಾಯ್ ಭಾವ, ತುದಿ ತೆಂಕಿಗ್ ಹೋಯ್ಕಾ? ಇಷ್ಟ್ ಸಾಕಾ?"

ಬೆರಳು ಮತ್ತೂ ಆಡಿತು.

"ಹೌದ್ ಮಾರಾಯ, ನಾನೇ ತಪ್ಪಿದೆ. ಈ ಗುರಿ ಹಿಡ್ದಿರೆ ದೋಣಿ ಕಲ್ಲಿಗ್ ಬಡೀತಿತ್."

ಹಳೆಯ ತುದಿಯನ್ನು ಒರೆಸದೆ, ಅದರ ಮೇಲೆಯೇ ಹೊಸದನ್ನು ಬಳಿದರು. ಬೆರಳು ಕೆಳಗಿಳಿಯಿತು. ಆ ಸಂಜೆ ಅರ್ಧ ಬಟ್ಟಲು ಗಂಜಿ ಗಂಟಲಲ್ಲಿ ಇಳಿಯಿತು. ಆಮೇಲೆ ಎರಡು ವರ್ಷ ಬದುಕಿದರು, ಆ ಗೋಡೆ ನೋಡುತ್ತಾ.

ಹೋದ ವರ್ಷ ಪೇಂಟರೂ ತೀರಿಕೊಂಡರು. ಚಿತ್ರ ನನಗೆ ಇವತ್ತಿಗೂ ಚಂದ ಕಾಣುವುದಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಸುಣ್ಣ ಹೊಡೆಯಲು ಬಂದವರಿಗೆ ಆ ಗೋಡೆ ಮುಟ್ಟಲು ಬಿಟ್ಟಿಲ್ಲ. ನಲವತ್ತು ವರ್ಷ ಜೊತೆಗೆ ಬಾಳಿದ ನನ್ನಿಂದ ತೆರೆಸಲಾಗದ ಬಾಯಿಯನ್ನು ಪೇಂಟರು ತೆರೆಸಿದ್ದರು. ಅವತ್ತು ಚಿತ್ರ ಮುಗಿಸಿ ಹೊರಟು ನಿಂತವರಿಗೆ ನಾನು ಹೇಳಿದ್ದು ಒಂದೇ ಮಾತು: "ನೆಲ್ಕ್ ಬಿದ್ದ್ ಬಣ್ಣ ಒರ್ಸಿ ಹೋಯ್ನಿ."

ಅವರು ಕುಕ್ಕರುಗಾಲಲ್ಲಿ ಕೂತು, ಹೆಗಲ ಮೇಲಿದ್ದ ಬೈರಾಸಿನಿಂದಲೇ ಒರೆಸಿ ಹೋದರು.