ಶೈಲಜಮ್ಮನವರ ಆಷಾಢದ ಶನಿವಾರಗಳು

ಲಗ್ನಪತ್ರಿಕೆ ವ್ಯಾಪಾರದವರಿಗೆ ಆಷಾಢ ಅಂದರೆ ಬಾಗಿಲು ತೆಗೆದಿಟ್ಟು ನೊಣ ಹೊಡೆಯುವ ತಿಂಗಳು. ಮದುವೆಯಿಲ್ಲ, ಮುಂಜಿಯಿಲ್ಲ, ಗೃಹಪ್ರವೇಶವೂ ಇಲ್ಲ. ಸುಲ್ತಾನ್‌ಪೇಟೆಯ ಅಂಗಡಿಯವರೆಲ್ಲ ಒಬ್ಬರ ಅಂಗಡಿಗೆ ಇನ್ನೊಬ್ಬರು ಹೋಗಿ, ಕಾಫಿ ತರಿಸಿ, ದೇವರು ಈ ತಿಂಗಳನ್ನು ಯಾಕಾದರೂ ಮಾಡಿದನೋ ಅಂತ ವಿಚಾರಿಸಿಕೊಂಡು ಬರುತ್ತಿದ್ದೆವು. ಅಂಥ ತಿಂಗಳಲ್ಲೂ ಮದುವೆ ಕಾರ್ಡು ತಿದ್ದಲು ಶನಿವಾರ ತಪ್ಪದೆ ನನ್ನ ಅಂಗಡಿಗೆ ಬರುತ್ತಿದ್ದವರು ಶೈಲಜಮ್ಮ ಒಬ್ಬರೇ.

ಚಾಮರಾಜಪೇಟೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವರು ಜೀವಶಾಸ್ತ್ರದ ಟೀಚರು. ೧೯೭೪ರಲ್ಲಿ ನಾನು ಮೊದಲು ನೋಡಿದಾಗ ನಲವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಅಣ್ಣ ಶೀನಣ್ಣ, ಅತ್ತಿಗೆ ರಂಗನಾಯಕಿ, ಅವರ ಒಬ್ಬಳೇ ಮಗಳು ಗೋದಾ, ಇವರ ಜೊತೆ ವಾಸ. ಅಣ್ಣ ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟು. ಮನೆಯಲ್ಲೂ ಅದೇ ಹುದ್ದೆ.

ಶೈಲಜಮ್ಮ ಮೊದಲ ಸಲ ಬಂದದ್ದು ಜಗಳಕ್ಕೆ. ಅವರ ಶಾಲೆಯ ಇನ್ನೊಬ್ಬ ಟೀಚರ ಮಗಳ ಮದುವೆಗೆ ನಾನು ಹಾಕಿಕೊಟ್ಟ ಕಾರ್ಡನ್ನು ಕೌಂಟರ್ ಮೇಲಿಟ್ಟು, "ಇಲ್ಲಿ ಸುಖಾಗಮನ ಬಯಸ್ತಿರೋ ತಾತನವರು ತೀರಿಕೊಂಡು ಎರಡು ವರ್ಷ ಆಯ್ತು. ನಾವು ಎಲ್ಲಿಗೆ ಬರಬೇಕು ಅಂತ ಕೇಳ್ಕೊಂಡು ಹೋಗೋಣ ಅಂತ ಬಂದೆ" ಅಂದರು. ಮುಖದಲ್ಲಿ ನಗುವಿರಲಿಲ್ಲ. ಇಂಥವರು ಎದುರಿಗಿರುವುದಕ್ಕಿಂತ ನಮ್ಮ ಕಡೆಗಿದ್ದರೆ ಕ್ಷೇಮ ಅಂತ ನನಗೆ ತಕ್ಷಣ ಹೊಳೆಯಿತು. ಪ್ರೂಫು ನೋಡಿಕೊಡುತ್ತೀರಾ ಅಂತ ಕೇಳಿದೆ. ಶನಿವಾರ ಶಾಲೆ ಅರ್ಧ ದಿನ, ಹನ್ನೆರಡಕ್ಕೆ ಬರುತ್ತೇನೆ ಅಂದರು. ಒಂದು ಲೋಟ ಕಾಫಿ, ದೀಪಾವಳಿಗೆ ಒಂದು ಡೈರಿ ಬಿಟ್ಟರೆ ಬೇರೇನೂ ಮುಟ್ಟಲಿಲ್ಲ.

ಅರ್ಧ ಗಂಟೆಯಲ್ಲಿ ಕೆಂಪು ಶಾಯಿಯಲ್ಲಿ ಎಲ್ಲ ತಿದ್ದಿ ಹೊರಡುತ್ತಿದ್ದರು. ಮನೆಗೆ ಹೋಗುತ್ತಾರೆಂದು ನಾನೂ ಅಂದುಕೊಂಡಿದ್ದೆ.

ಎಪ್ಪತ್ತೇಳರ ಆಷಾಢದಲ್ಲಿ, ಒಂದು ಶನಿವಾರ, ಅವರು ಬಂದಾಗ ತಿದ್ದಲು ಒಂದು ಕಾರ್ಡೂ ಇರಲಿಲ್ಲ. ಹಳೆಯ ಮಾದರಿಗಳ ಆಲ್ಬಂ ತೆಗೆದು, ಹತ್ತು ನಿಮಿಷ ಹಾಳೆ ತಿರುವಿ, ಎರಡು ಕಡೆ ಗುರುತು ಹಾಕಿ ಎದ್ದುಹೋದರು. ನನಗೂ ಬೇಸರ. ಅಂಗಡಿ ಮುಚ್ಚಿ ಮೆಜೆಸ್ಟಿಕ್ ಕಡೆ ಒಂದು ಹಳೆಯ ಟಾಕೀಸಿನ ಮ್ಯಾಟಿನಿಗೆ ಹೋದೆ. ಇಂಗ್ಲಿಷ್ ಪಿಕ್ಚರು. ಪೋಸ್ಟರಿನಲ್ಲಿ ಮನೆಯಷ್ಟು ದೊಡ್ಡ ಏಡಿ, ಅದರ ಕೊಂಡಿಯಲ್ಲಿ ಸ್ನಾನಕ್ಕೆ ಹೊರಟಂಥ ಒಬ್ಬ ಹೆಂಗಸು.

ಅಮೆರಿಕದವರಿಗೂ ಬಡತನ ಇರುತ್ತದೆ ಅಂತ ನನಗೆ ಗೊತ್ತಾದದ್ದು ಅವತ್ತು. ನಮ್ಮ ನಾಟಕ ಕಂಪನಿಯವರು ಇದಕ್ಕಿಂತ ಒಳ್ಳೆಯ ಘಟೋತ್ಕಚನನ್ನು ಮಾಡುತ್ತಾರೆ. ಬಿಳಿ ಕೋಟಿನ ವಿಜ್ಞಾನಿ ಒಂದು ಬಾಟಲಿಯ ಬಣ್ಣದ ನೀರನ್ನು ಇನ್ನೊಂದಕ್ಕೆ ಸುರಿಯುತ್ತಲೇ ಇದ್ದ. ಆಕಾಶದಿಂದ ಇಳಿದ ಹಾರುವ ತಟ್ಟೆ ದಾರದಲ್ಲಿ ತೂಗಾಡುತ್ತಿತ್ತು. ಏಡಿ ಊರು ತಿನ್ನಲು ಹೊರಟಾಗ ಅದರ ಹೊಟ್ಟೆಯ ಕೆಳಗಿಂದ ಒಂದು ಜೊತೆ ಬೂಟು ಕಾಣಿಸಿತು. ಹೆಂಗಸರ ಕಡೆಯಿಂದ ಯಾರೋ ನಕ್ಕರು. ಬಹಳ ಹೊತ್ತು ತಡೆದ ಕೆಮ್ಮನ್ನು ಬಿಟ್ಟ ಹಾಗೆ, ಬಿಕ್ಕಿಬಿಕ್ಕಿ, ನಿಲ್ಲದ ನಗು. ಇಂಟರ್‌ವಲ್ಲಿನಲ್ಲಿ ದೀಪ ಹಾಕಿದಾಗ ನೋಡುತ್ತೇನೆ, ಶೈಲಜಮ್ಮ, ಮಡಿಲಲ್ಲಿ ಕಡಲೆಕಾಯಿ ಪೊಟ್ಟಣ, ಸೆರಗಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಾರೆ.

ಸೋಡಾ ಮಾರುವವನ ಹತ್ತಿರ ಅವರೇ ಬಂದು ನಿಂತರು.

"ಅಂಜನಪ್ಪನೋರೇ, ನೀವು ನನ್ನ ನೋಡಿಲ್ಲ."

"ಯಾರನ್ನ ಮೇಡಂ?"

"ಸರಿ." ಸೋಡಾದವನಿಗೆ ಚಿಲ್ಲರೆ ಕೊಟ್ಟು, "ಮನೇಲಿ ನಿಮ್ಮ ಅಂಗಡಿಗೆ ಅಂತ ಹೇಳಿ ಬರ್ತೀನಿ. ಸುಳ್ಳಾಗಬಾರದು ಅಂತ ಮೊದಲು ಅಂಗಡಿಗೇ ಬರ್ತೀನಿ" ಅಂದರು.

ಆಲ್ಬಮಿನ ಹತ್ತು ನಿಮಿಷ ಯಾಕೆ ಅಂತ ಆಗ ಅರ್ಥವಾಯಿತು.

ಅಲ್ಲಿಂದ ನಾನು ಅವರ ಕಡೆಯವನಾದೆ. ಗಾಂಧಿನಗರದ ಒಬ್ಬ ಹಂಚಿಕೆದಾರರು ನನ್ನ ಗಿರಾಕಿ. ಇಂಥ ಪಿಕ್ಚರು ಯಾವುದು ಬರುತ್ತದೆ ಅಂತ ಅವರಲ್ಲಿ ಕೇಳಿಕೊಂಡು, ಪ್ರೂಫಿನ ಕವರಿನೊಳಗೆ ಚೀಟಿ ಇಡುತ್ತಿದ್ದೆ. "ಜೇಡ. ಶುಕ್ರವಾರದಿಂದ." ಮುಂದಿನ ವಾರ ಅದೇ ಚೀಟಿ ಕೆಂಪು ಶಾಯಿಯಲ್ಲಿ ವಾಪಸು ಬರುತ್ತಿತ್ತು. "ಜೇಡಕ್ಕೆ ಎಂಟು ಕಾಲು. ಇದಕ್ಕೆ ಆರು. ಉಳಿದೆರಡು ಖರ್ಚು ಉಳಿಸಲು ಹೋಗಿರಬೇಕು. ಹತ್ತಕ್ಕೆ ನಾಲ್ಕು." ಒಂದು ಇರುವೆಗೆ ಮಾತ್ರ ಏಳು ಕೊಟ್ಟಿದ್ದರು. ಆ ಇರುವೆ ಬಹಳ ಕಷ್ಟಪಟ್ಟಿದೆ ಅಂತ ಷರಾ.

ಒಂದು ದಿನ ಕೇಳಿದೆ. "ಅಲ್ಲಾ ಮೇಡಂ, ಮಕ್ಕಳಿಗೆ ಸರಿಯಾದ್ದು ಹೇಳಿಕೊಡೋರು ನೀವು. ಇಷ್ಟು ತಪ್ಪಿರೋದನ್ನ ಹೇಗೆ ನೋಡ್ತೀರಾ?"

"ವಾರವೆಲ್ಲ ತಪ್ಪು ಕಂಡ್ರೆ ತಿದ್ದಬೇಕು ಅಂಜನಪ್ಪನೋರೇ. ಶಾಲೇಲಿ, ಮನೇಲಿ, ನಿಮ್ಮ ಅಂಗಡೀಲಿ. ಅಲ್ಲಿ ಮೂರು ಗಂಟೆ ಬರೀ ತಪ್ಪು. ನಾನು ತಿದ್ದಬೇಕಾಗಿಲ್ಲ." ಆಮೇಲೆ, "ಇರುವೆಗೆ ಶ್ವಾಸಕೋಶ ಇಲ್ಲ. ಅಷ್ಟು ದೊಡ್ಡದಾದ್ರೆ ಉಸಿರು ಕಟ್ಟಿ ಸತ್ತೇ ಹೋಗುತ್ತೆ ಪಾಪ. ಊರು ತಿನ್ನೋ ಮಾತೆಲ್ಲಿ" ಅಂತ ಸೇರಿಸಿದರು.

ಆ ಮೂರು ಗಂಟೆಯಲ್ಲದೆ ಶೈಲಜಮ್ಮನವರಿಗೆ ತಮ್ಮದು ಅಂತ ಬೇರೆ ಹೊತ್ತಿರಲಿಲ್ಲ. ಬೆಳಿಗ್ಗೆ ನೀರು ಕಾಯಿಸುವುದರಿಂದ ಸಂಜೆ ಗೋದಾಗೆ ಪಾಠದವರೆಗೆ ಎಲ್ಲ ಹೊತ್ತಿಗೂ ಮನೆಯಲ್ಲಿ ಯಾರಾದರೊಬ್ಬರು ಯಜಮಾನರಿದ್ದರು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹಾಳು ಮಾಡಿದೆ.

ಎಪ್ಪತ್ತೊಂಬತ್ತರಲ್ಲಿ ಗೋದಾ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ಮಲ್ಲೇಶ್ವರದವರು. ಕಾರ್ಡು ಆರಿಸಲು ಎರಡೂ ಕಡೆಯವರು ಒಟ್ಟಿಗೆ ಬಂದರು. ಶೀನಣ್ಣ, ರಂಗನಾಯಕಿ, ಶೈಲಜಮ್ಮ, ಎದುರಿಗೆ ಗಂಡಿನ ತಾಯಿ ಸುಂದರಮ್ಮ. ಸುಂದರಮ್ಮನವರು ಮೂರು ಆಲ್ಬಂ ನೋಡಿ, ನಾಲ್ಕನೆಯದಕ್ಕೆ ಕೈಹಾಕಿ, ಏನೂ ಹೇಳದೆ ಕೂತಿದ್ದರು. ಗಿರಾಕಿ ಹೀಗೆ ಬಿಗಿದುಕೊಂಡಾಗ ಒಂದು ತಮಾಷೆ ಮಾಡಿ ನಗಿಸುವುದು ನಮ್ಮ ಬೀದಿಯ ಪದ್ಧತಿ. ನಕ್ಕವರು ಬೇಗ ಆರಿಸುತ್ತಾರೆ.

ರಂಗನಾಯಕಿ ಹೆಮ್ಮೆಯಿಂದ ಅಂದರು, "ಕಾರ್ಡಿನ ವಿಷಯ ನಮ್ಮ ಶೈಲಜಂಗೆ ಬಿಡಿ. ವಾರ ತಪ್ಪಿಸಲ್ಲ, ಆಷಾಢದಲ್ಲೂ ಬಂದು ತಿದ್ದಿಕೊಡ್ತಾಳೆ."

ನನ್ನ ಬಾಯಿ ನನ್ನನ್ನು ಕೇಳಲಿಲ್ಲ. "ಆಷಾಢದಲ್ಲಿ ಯಾರಮ್ಮ ಮದುವೆ ಆಗ್ತಾರೆ? ಆಗ ಮೇಡಂ ನೋಡೋದು ರಾಕ್ಷಸರ ಲಗ್ನಪತ್ರಿಕೆ."

ಎಲ್ಲರೂ ನಕ್ಕರು. ಸುಂದರಮ್ಮನವರೂ. ಅಲ್ಲಿಗೆ ನಿಲ್ಲಿಸಬಹುದಿತ್ತು. ಏನು ಹಾಗಂದ್ರೆ ಅಂತ ಅವರು ಕೇಳಿದರು, ನಾನು ಕಥೆ ಹೇಳಿದೆ. ಏಡಿ, ಬೂಟು, ಕಡಲೆಕಾಯಿ, ಹತ್ತಕ್ಕೆ ನಾಲ್ಕು ಅಂಕ, ಎಲ್ಲ. ಚೆನ್ನಾಗಿಯೇ ಹೇಳಿದೆ. ಶೈಲಜಮ್ಮ ಒಂದು ಕಾರ್ಡನ್ನು ಕೈಯಲ್ಲಿ ಹಿಡಿದು ಅದರ ಗಣಪತಿಯನ್ನೇ ನೋಡುತ್ತಿದ್ದರು.

"ಮೆಜೆಸ್ಟಿಕ್ಕಿಗಾ?" ಅಂದರು ಸುಂದರಮ್ಮ. "ಒಬ್ಬರೇ ಹೋಗ್ತಾರಾ?"

ದನಿಯಲ್ಲಿ ಕೋಪವಿರಲಿಲ್ಲ. ಬಸ್ ಎಷ್ಟು ಗಂಟೆಗೆ ಅಂತ ಕೇಳಿದ ಹಾಗಿತ್ತು. ಶೀನಣ್ಣ ಕನ್ನಡಕ ತೆಗೆದು ಒರೆಸಿದರು. ರಂಗನಾಯಕಿ, "ಇಲ್ಲಪ್ಪ, ಶಾಲೆಯವರ ಜೊತೆ ಯಾವಾಗಲೋ ಒಂದ್ಸಲ" ಅಂದರು. ಶೈಲಜಮ್ಮ ತಲೆ ಎತ್ತಿ, "ಇಲ್ಲ ಅತ್ತಿಗೆ, ಒಬ್ಬಳೇ. ಎಷ್ಟೋ ಸಲ" ಅಂದರು. ಸುಳ್ಳಾಗಬಾರದಲ್ಲ.

ಸುಂದರಮ್ಮನವರು ಕೆನೆಬಣ್ಣದ ಕಾರ್ಡು ಆರಿಸಿದರು. ಮದುವೆಗೇನೂ ಅಡ್ಡಿಯಾಗಲಿಲ್ಲ.

ಮರುದಿನ ಶೀನಣ್ಣ ಒಬ್ಬರೇ ಬಂದು ಒಕ್ಕಣೆ ಕೊಟ್ಟರು. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಕೊನೆಯ ಹೆಸರು, ಕುಮಾರಿ ಶೈಲಜ, ಬರೆದು ಹೊಡೆದುಹಾಕಿತ್ತು.

"ಪಟ್ಟಿ ಚಿಕ್ಕದಿದ್ದರೆ ಲಕ್ಷಣ ಅಂತ ಬೀಗರು ಹೇಳಿದ್ರು" ಅಂದರು, ನಾನು ಕೇಳದಿದ್ದರೂ. "ಇನ್ನು ಪ್ರೂಫೆಲ್ಲ ಮನೆಗೇ ಕಳಿಸಿಬಿಡಿ. ಶನಿವಾರ ಅವಳಿಗೆ ಮನೇಲಿ ಕೆಲಸ ಇರುತ್ತೆ."

"ನಾನು ತಮಾಷೆಗೆ ಹೇಳಿದ್ದು ಸಾರ್."

"ನಾವೂ ನಕ್ಕೆವಲ್ಲ" ಅಂದರು.

ಪ್ರೂಫು ಮನೆಗೆ ಕಳಿಸಿದೆ. ಎರಡು ದಿನ ಬಿಟ್ಟು ವಾಪಸು ಬಂತು. ಮುಹೂರ್ತದ ಸಾಲಿನಲ್ಲಿ ವಾರ ತಪ್ಪಿತ್ತು, ಅದನ್ನು ತಿದ್ದಿದ್ದರು. ಛತ್ರದ ಅಡ್ಡರಸ್ತೆಯ ನಂಬರು ಬಿಟ್ಟುಹೋಗಿತ್ತು, ಸೇರಿಸಿದ್ದರು. ಪಟ್ಟಿಯ ಕೊನೆಯಲ್ಲಿ, ತಮ್ಮ ಹೆಸರು ಇರಬೇಕಾದ ಕಡೆ, ಒಂದು ಗುರುತೂ ಇರಲಿಲ್ಲ. ಕೆಳಗೆ 'ಸರಿಯಿದೆ' ಅಂತ ರುಜು.

ಒಂದು ಸಾಲು ಅಚ್ಚಿನ ಮೊಳೆ ಜೋಡಿಸಲು ನನಗೆ ಐದು ನಿಮಿಷ ಸಾಕಿತ್ತು. ಹೆಸರು ಸೇರಿಸಿ ಅಚ್ಚು ಹಾಕಿ, ಕಣ್ತಪ್ಪಿನಿಂದ ಆಯ್ತು ಸಾರ್ ಅಂತ ಕೈಮುಗಿದಿದ್ದರೆ ಶೀನಣ್ಣ ಎರಡು ಮಾತು ಬೈದು ಹೋಗುತ್ತಿದ್ದರು. ಮುಹೂರ್ತ ಹತ್ತಿರವಿತ್ತು, ಮತ್ತೆ ಹಾಕಿಸುವಷ್ಟು ಸಮಯ ಅವರಿಗೂ ಇರಲಿಲ್ಲ. ಇಂಥ ಉಪಾಯ ಸಾವಿರ ಕಡೆ ಮಾಡಿದ್ದೇನೆ. ಅವತ್ತು ಮಾತ್ರ ಗಿರಾಕಿ ಹೇಳಿದ ಹಾಗೆ ಹಾಕಿಕೊಟ್ಟೆ.

ಆಮೇಲೂ ನಾಲ್ಕೈದು ಸಲ ಕವರಿನಲ್ಲಿ ಚೀಟಿ ಇಟ್ಟೆ. ಪ್ರೂಫು ತಿದ್ದಿ ಬರುತ್ತಿತ್ತು, ಚೀಟಿ ಇಟ್ಟ ಹಾಗೇ ಮಡಿಸಿಕೊಂಡು ಬರುತ್ತಿತ್ತು. ಒಂದು ಸಲ ಶಾಲೆಯ ಗೇಟಿನಲ್ಲಿ ಸಿಕ್ಕಿದಾಗ, ಬಾವಲಿಯದೊಂದು ಬಂದಿದೆ ಮೇಡಂ ಅಂದೆ. "ನೀವು ನೋಡಿ ಬನ್ನಿ" ಅಂದರು. ನೋಡಿದೆ. ಬಾವಲಿಯ ತಂತಿ ಕಾಣುತ್ತಿತ್ತು. ಹೆಂಗಸರ ಕಡೆ ಯಾರೂ ನಗಲಿಲ್ಲ.

ಎಂಬತ್ತೈದರ ಹೊತ್ತಿಗೆ ನಮ್ಮ ಬಡಾವಣೆಗೆ ವಿಡಿಯೋ ಬಂದಿತ್ತು. ಬಾಡಿಗೆಗೆ ತಂದರೆ ಬೀದಿಯೆಲ್ಲ ಬಂದು ಕೂರುವ ಕಾಲ. ಒಂದು ಭಾನುವಾರ ಮಧ್ಯಾಹ್ನ, ನಾನು ಹುಡುಕಿ ಹುಡುಕಿ ಅಂಥದ್ದೇ ಒಂದು ಕ್ಯಾಸೆಟ್ಟು ತಂದೆ. ಹಸಿರು ಲೋಳೆ ಊರು ನುಂಗುವ ಪಿಕ್ಚರು. ನನ್ನ ಹೆಂಡತಿಯನ್ನು ಕಳಿಸಿ ಶೈಲಜಮ್ಮನವರನ್ನು ಅರಿಶಿನ ಕುಂಕುಮಕ್ಕೆ ಅಂತ ಕರೆಸಿದೆ. ಬಂದರು. ಕೂದಲು ಪೂರಾ ಬೆಳ್ಳಗಾಗಿತ್ತು.

ಅವರು ಬಾಗಿಲಲ್ಲಿ ಕಾಣಿಸಿದ ಕೂಡಲೇ ನೆಲದ ಮೇಲೆ ಕೂತಿದ್ದ ಅರ್ಧ ಹೆಣ್ಣುಮಕ್ಕಳು ಎದ್ದು ನಿಂತು "ನಮಸ್ತೆ ಮಿಸ್" ಅಂದವು. ಎಲ್ಲ ಅವರ ಶಿಷ್ಯೆಯರೇ. ಮುಂದಿನ ಕುರ್ಚಿ ಬಿಟ್ಟುಕೊಟ್ಟರು. ಪಿಕ್ಚರು ಶುರುವಾಯಿತು. ಮಕ್ಕಳು ಟೀವಿ ನೋಡುತ್ತಿದ್ದವು, ಆಮೇಲೆ ಮಿಸ್ಸಿನ ಮುಖ ನೋಡುತ್ತಿದ್ದವು, ನಗಬಹುದೋ ಬಾರದೋ ಅಂತ. ಶೈಲಜಮ್ಮ ಪರೀಕ್ಷೆಯ ಕೊಠಡಿಯಲ್ಲಿ ಕೂತ ಹಾಗೆ ಕಾಲು ಗಂಟೆ ಕೂತು, ಕಾಫಿ ಕುಡಿದು, ಕುಂಕುಮ ತೆಗೆದುಕೊಂಡು ಎದ್ದರು.

ನಾನು ಹಿಂದೆಯೇ ಹೊರಗೆ ಬಂದೆ. ಜಗಲಿಯಲ್ಲಿ ಚಪ್ಪಲಿ ಹುಡುಕುತ್ತಿದ್ದರು.

"ಚೆನ್ನಾಗಿಲ್ವಾ ಮೇಡಂ?"

"ಚೆನ್ನಾಗೇ ಇದೆ. ಬಹಳ ತಪ್ಪಿದೆ" ಅಂದರು. "ಟಾಕೀಸಲ್ಲಿ ನಾನು ಒಂದು ಟಿಕೀಟು ಅಷ್ಟೆ, ಅಂಜನಪ್ಪನೋರೇ. ಇಲ್ಲಿ ಮಿಸ್ಸು."

ಆರು ವರ್ಷದಿಂದ ಒಂದು ಮಾತು ಬಾಯಿಯಲ್ಲಿತ್ತು. ಅದನ್ನು ಹೇಳುವ ಬದಲು, ಆಟೋ ಕರೆಸಲಾ ಅಂತ ಕೇಳಿದೆ.

"ಬೇಡ. ನಡ್ಕೊಂಡು ಹೋಗ್ತೀನಿ."

ಒಳಗೆ ಮಕ್ಕಳೆಲ್ಲ ಒಟ್ಟಿಗೆ ಗೊಳ್ಳೆಂದು ನಕ್ಕವು. ಮಿಸ್ ಎದ್ದುಹೋದ ಧೈರ್ಯ. ಶೈಲಜಮ್ಮ ಒಂದು ಕಾಲು ಚಪ್ಪಲಿಗೆ ತೂರಿಸಿದವರು ಹಾಗೇ ನಿಂತು ಕಿವಿಗೊಟ್ಟರು.

"ಬನ್ನಿ ಮೇಡಂ, ಅದೊಂದು ನೋಡ್ಕೊಂಡು ಹೋಗಿ" ಅಂದೆ.

ಅವರು ಇನ್ನೊಂದು ಚಪ್ಪಲಿಯನ್ನೂ ಮೆಟ್ಟಿಕೊಂಡರು.