ಬಲೂನಿನ ಮೇಲೆ ಕಲಿತ ಕ್ಷೌರ

ರಿಮ್ಯಾಂಡ್ ಹೋಮಿನಲ್ಲಿ ಕ್ಷೌರದ ತರಗತಿ ಇತ್ತು, ಬ್ಲೇಡು ಮಾತ್ರ ಇರಲಿಲ್ಲ. ಇಂಥ ಬುದ್ಧಿವಂತಿಕೆ ಕಚೇರಿಗಳಿಗಲ್ಲದೆ ಇನ್ಯಾರಿಗೆ ಹೊಳೆದೀತು?

ಎಲ್ಲರೂ ಮೊಂಡ ಅಂತ ಕರೆಯುತ್ತಿದ್ದ ಹುಡುಗ ಕಲಿತದ್ದು ಬಲೂನಿನ ಮೇಲೆ. ಊದಿದ ಬಲೂನಿಗೆ ನೊರೆ ಬಳಿದು, ಬ್ಲೇಡಿಲ್ಲದ ಕತ್ತಿಯಿಂದ ಮೆಲ್ಲಗೆ ಕೆರೆಯಬೇಕು. ಜಗಳವೊಂದರಲ್ಲಿ ಚಾಕು ಹಾಕಿ ಒಳಗೆ ಬಂದವನ ಕೈಗೆ ಬ್ಲೇಡು ಕೊಡುವುದುಂಟೇ ಎಂದರು ಹೋಮಿನ ಸಾಹೇಬರು. "ಆ ಕೈಗೆ ಬೇರೆ ಕೆಲಸ ಕಲಿಸೋಕೇ ತಾನೇ ಸಾರ್ ನನ್ನನ್ನ ಕರೆಸಿದ್ದು?" ಎಂದು ಕೇಳಿದರು ವಾರದ ರಜೆಯ ದಿನ ಅಂಗಡಿ ಮುಚ್ಚಿ ಬಂದು ಕಲಿಸುತ್ತಿದ್ದ ಕ್ಷೌರದ ಮೇಷ್ಟ್ರು. ಸಾಹೇಬರು ಫೋನು ಎತ್ತಿಕೊಂಡರು.

ಪರೀಕ್ಷೆಯ ದಿನ ಬಂತು. ಅಂದು ನಿಜವಾದ ಬ್ಲೇಡು, ನಿಜವಾದ ಮುಖ. ಪಾಸಾದರೆ ಬಿಡುಗಡೆಯಾದ ಮೇಲೆ ಮೇಷ್ಟ್ರ ಅಂಗಡಿಯಲ್ಲಿ ಕೆಲಸ. ಇಲ್ಲದಿದ್ದರೆ ಮತ್ತೆ ಅದೇ ಬೀದಿ, ಅದೇ ಸಹವಾಸ. ಆದರೆ ಕುರ್ಚಿಯಲ್ಲಿ ಕೂರುವವರು ಯಾರು? ಕಾವಲುಗಾರ ಗಲ್ಲ ಸವರಿಕೊಂಡು, "ನಂದು ಬೆಳಿಗ್ಗೆನೇ ಆಯ್ತಲ್ಲ" ಅಂದ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಹೊರಡಲು ಚೀಲ ಎತ್ತಿಕೊಂಡರು.

ಅಷ್ಟರಲ್ಲಿ ಅಡುಗೆಮನೆಯಿಂದ ಅಡುಗೆ ತಾತ ಬಂದು ಧೊಪ್ಪನೆ ಕುರ್ಚಿಯಲ್ಲಿ ಕೂತ. ಇವನಿಗೂ ಮೊಂಡನಿಗೂ ಎಣ್ಣೆ ಸೀಗೆಕಾಯಿ. ಹಿಂದಿನ ವಾರವಷ್ಟೇ ಹುಡುಗ ತಟ್ಟೆ ಎಸೆದಿದ್ದ.

"ತಾತ, ನಿಮಗೆ ನನ್ನ ಮೇಲೆ ಕೋಪ..."

"ಇದೆ. ಕೋಪ ಇದ್ರೆ ಗಡ್ಡ ಬೆಳೆಯಲ್ವೇನೋ? ಶುರು ಮಾಡು."

ಮೊಂಡ ಶುರು ಮಾಡಿದ. ನೊರೆ ಹೋಯಿತು, ಗಡ್ಡ ಹಾಗೇ ಉಳಿಯಿತು. ಪರೀಕ್ಷಕರ ಪೆನ್ನು ನಿಂತಿತು.

ತಾತ ಒಂದು ಕಣ್ಣು ತೆರೆದ. "ಏನೋ, ಧೂಳು ಒರೆಸ್ತಿದೀಯಾ?"

"ಬಲೂನು ಹೀಗಿರ್ಲಿಲ್ಲ ತಾತ."

"ಬಲೂನಿಗೆ ಹಲ್ಲುದುರಿರಲ್ಲ ಕಣೋ! ಕೆನ್ನೆ ಹಿಡಿದು ಎಳಿ. ಎಡಗೈ ಎಲ್ಲಿ?"

ಎಡಗೈ ಬೆನ್ನ ಹಿಂದಿತ್ತು. ಹೊರಗಿನವರು ಬಂದಾಗ ಕೈ ಹಿಂದೆ ಕಟ್ಟಿ ನಿಲ್ಲಬೇಕು, ಯಾರನ್ನೂ ಮುಟ್ಟಬಾರದು: ಅದು ಅಲ್ಲಿಯ ಕಾನೂನು. ಕೆಲಸಕ್ಕೆಂದು ಬಲಗೈ ಬಿಡಿಸಿಕೊಂಡಿದ್ದ ಹುಡುಗನಿಗೆ ಎಡಗೈಯ ನೆನಪೇ ಆಗಿರಲಿಲ್ಲ. ಅವನು ಕಾವಲುಗಾರನ ಮುಖ ನೋಡಿದ. ಕಾವಲುಗಾರ ಸಾಹೇಬರ ಮುಖ ನೋಡಿದ.

"ಅವರನ್ನೇನು ಕೇಳ್ತೀಯ? ಕೆನ್ನೆ ನಂದು!" ತಾತ ಗದರಿದ.

ಮೊಂಡನ ಎಡಗೈ ಮುಂದೆ ಬಂತು. ಕಿವಿಯ ಬಳಿ ಹೆಬ್ಬೆರಳಿಟ್ಟು ಚರ್ಮ ಎಳೆದ. ಬ್ಲೇಡು ಸರ್ರನೆ ಇಳಿಯಿತು. ಒಂದು ಕೆನ್ನೆ ಮುಗಿಯಿತು, ಇನ್ನೊಂದೂ ಮುಗಿಯಿತು. ಕುತ್ತಿಗೆಗೆ ಬರುವ ಹೊತ್ತಿಗೆ, ನಸುಕಿನಿಂದ ಒಲೆಯ ಮುಂದೆ ನಿಂತಿದ್ದ ತಾತ ಗಲ್ಲ ಮೇಲೆತ್ತಿದವನು ಹಾಗೆಯೇ ಗೊರಕೆ ಹೊಡೆಯತೊಡಗಿದ. ಚಾಕು ಹಾಕಿದ ಹುಡುಗನ ಬ್ಲೇಡು ಕುತ್ತಿಗೆಯ ಮೇಲಿತ್ತು, ಮುದುಕನಿಗೆ ಗಾಢ ನಿದ್ದೆ.

ಮುಗಿದಾಗ ಪರೀಕ್ಷಕರು ಸದ್ದಿಲ್ಲದೆ ಸಹಿ ಹಾಕಿದರು. ಕಾವಲುಗಾರ ತಾತನನ್ನು ಅಲುಗಿಸಲು ಬಂದ.

"ಎಬ್ಬಿಸಬೇಡಿ ಸಾರ್," ಅಂದ ಮೊಂಡ. "ಸ್ವಲ್ಪ ಹೊತ್ತು ಮಲಗಲಿ."

ಈಗ ಮೇಷ್ಟ್ರ ಅಂಗಡಿಯಲ್ಲಿ ಮೊಂಡನಿಗೂ ಒಂದು ಕುರ್ಚಿಯಿದೆ. ಅವನು ಬೈಯಬೇಕಾದವರು ಬೇಕಾದಷ್ಟು ಜನರಿದ್ದಾರೆ, ಬೈಯಲು ಅವನಿಗೆ ಪುರುಸೊತ್ತಿಲ್ಲ. ತಾತನನ್ನು ನೆನೆಯದ ದಿನವಿಲ್ಲ. ಕ್ಷೌರದ ನಡುವೆ ಗಿರಾಕಿ ನಿದ್ದೆಹೋದರೆ, ಮೊಂಡ ರೇಡಿಯೋದ ಸದ್ದು ತಗ್ಗಿಸುತ್ತಾನೆ.