ಮಾಸ್ತರರ ತೋಳದ ಮರಿಗಳು

ಮೊನ್ನೆ ಮೊಮ್ಮಗಳಿಗೆ ದೃಷ್ಟಿಯಾಗಿದೆಯೆಂದು ಸೊಸೆ ಒಣ ಮೆಣಸಿನಕಾಯಿ ನೀವಾಳಿಸಿ ಸುಟ್ಟಳು. ಘಾಟು ಬಂದರೆ ದೃಷ್ಟಿಯೇ ಇಲ್ಲವಂತೆ. ಕೊಪ್ಪಳದ ಪಕ್ಕದ ನಮ್ಮ ಭಾಗ್ಯನಗರದ ಮನೆಯಲ್ಲಿ ಗಂಟಲು ಹರಿಯುವಷ್ಟು ಬಂತು. ಎಲ್ಲರೂ ಕೆಮ್ಮಿದರು. ನಾನು ಮಾತ್ರ ಅಂಗಳಕ್ಕೆ ಓಡಿದೆ. ಆ ಘಾಟು ಮೂಗಿಗೆ ಹತ್ತಿದರೆ ನಮ್ಮ ಸಾಲಿಯ ಕನ್ನಡ ಮಾಸ್ತರರು ನೆನಪಾಗುತ್ತಾರೆ. ಅದರಲ್ಲೂ ಮೊನ್ನೆ ಮೊಮ್ಮಗಳ ಕೈಯಲ್ಲಿ ಅವರೇ ಬರೆದ ಕಥೆ ಪುಸ್ತಕವಿತ್ತು. ಅವಳ ಸಾಲಿಯಲ್ಲಿ ಬಹುಮಾನ ಕೊಟ್ಟದ್ದು...

ನಮ್ಮೂರು ಹೇಮಗುಡ್ಡದ ಕಡೆಗಿನ ಕುರುಚಲು ಗುಡ್ಡಗಳ ಬುಡದಲ್ಲಿದೆ. ಶನಿವಾರದ ಕೊನೆಯ ತಾಸು ಮಾಸ್ತರರ ಕಥೆಗೆ ಮೀಸಲು. ಕಥೆಯಲ್ಲಿ ಸಾಹಸ ಮಾಡುವವರು ನಾವೇ. ಸದಾ ಮೂಗು ಸೋರುವ ಹುಡುಗಿ ಬಂಡೆ ಏರಿ ಕಳ್ಳರ ದಾರಿ ತಪ್ಪಿಸುತ್ತಿದ್ದಳು, ಕುಂಟುವ ಹುಡುಗ ಎಲ್ಲರಿಗಿಂತ ಮೊದಲು ಗವಿ ಮುಟ್ಟುತ್ತಿದ್ದ. ಮಾಸ್ತರರು ಸೀಮೆಸುಣ್ಣದಿಂದ ನೆಲದ ಮೇಲೆ ತೋಳದ ಹೆಜ್ಜೆ ಬರೆದು, ಕೈಯನ್ನು ಬಾಯಿಗೆ ಅಡ್ಡ ಹಿಡಿದು ಸಣ್ಣಗೆ ಊಳಿಟ್ಟರೆ ಪಕ್ಕದ ತರಗತಿಯೂ ಗಪ್ಪಾಗುತ್ತಿತ್ತು. ಇವತ್ತಿನವರೆಗೂ ಅಷ್ಟು ಚೆನ್ನಾಗಿ ಕಥೆ ಹೇಳುವವರನ್ನು ನಾನು ಕಂಡಿಲ್ಲ. ಅದೇ ನನಗೆ ಎಲ್ಲಕ್ಕಿಂತ ಹೇಸಿಗೆ.

"ತೋಳ ಭಾಳ ಕಡಿಮಿ ಉಳದಾವು. ಇನ್ನ ಅವನ್ನ ಕಾಯೋರು ನೀವ," ಎನ್ನುತ್ತಿದ್ದರು. ನಾವು ನಂಬಿದೆವು.

ಒಂದು ಚಳಿಗಾಲದಲ್ಲಿ ನಾನೂ ನನ್ನ ಗೆಳತಿಯೂ ಬಾರಿಹಣ್ಣು ಆರಿಸಲು ಗುಡ್ಡಕ್ಕೆ ಹೋಗಿದ್ದೆವು. ದೊಡ್ಡ ಬಂಡೆಯೊಂದರ ಕೆಳಗೆ ತೋಡಿದ ಬಿಲ, ಅದರ ಬಾಯಲ್ಲಿ ತೋಳದ ಮರಿಗಳು! ಹಸಿ ಮಣ್ಣಿನ ಬಣ್ಣ. ಒಂದು ಮರಿ ಇನ್ನೊಂದರ ಕಿವಿ ಹಿಡಿದು ಜಗಿಯುತ್ತಿತ್ತು. ನಾವು ಬಾರಿಹಣ್ಣು ಅಲ್ಲೇ ಚೆಲ್ಲಿ ಓಡಿದೆವು, ನೇರ ಮಾಸ್ತರರ ಮನೆಗೆ. ಅವರ ಕಥೆಯ ಮಕ್ಕಳು ಗುಟ್ಟನ್ನು ಯಾವಾಗಲೂ ನಂಬಿಕಸ್ತ ಹಿರಿಯರೊಬ್ಬರಿಗೆ ಹೇಳುತ್ತಿದ್ದರಲ್ಲ...

ಅವರು ಚಹಾ ಕುಡಿಯುತ್ತಿದ್ದರು. ನಮ್ಮ ಬೆನ್ನು ತಟ್ಟಿದರು, ಶಾಬಾಸ್ ಅಂದರು. ಯಾವ ಬಂಡೆ, ಹತ್ತಿರ ಯಾವ ಗಿಡ ಎಂದು ಕೇಳಿದರು. ಜಾಲಿಗಿಡದ ಬಲಕ್ಕೆ ಎಂದು ಹೇಳಿದೆವು. ಮತ್ತಾರಿಗೂ ಹೇಳಬೇಡಿ ಎಂದು ತಾಕೀತು ಮಾಡಿ ಕಳಿಸಿದರು. ಆ ರಾತ್ರಿ ಹಿಗ್ಗಿನಿಂದ ನನಗೆ ನಿದ್ದೆ ಬರಲಿಲ್ಲ.

ಮಾಸ್ತರರು ಕುರಿ ಕಾಯುವವನೊಬ್ಬನ ಹಿಂಡಿನಲ್ಲಿ ತಮ್ಮ ಕುರಿಗಳನ್ನು ಪಾಲಿಗೆ ಬಿಟ್ಟಿದ್ದರು. ಹುಟ್ಟಿದ ಮರಿಗಳಲ್ಲಿ ಅರ್ಧ ಅವರಿಗೆ, ಅರ್ಧ ಅವನಿಗೆ. ಆಗಷ್ಟೇ ಒಂದೆರಡು ಕುರಿಮರಿಗಳನ್ನು ತೋಳ ಒಯ್ದಿತ್ತು. ಇದೆಲ್ಲ ಊರಿಗೇ ಗೊತ್ತಿತ್ತು, ನಮಗೂ ಗೊತ್ತಿತ್ತು. ಕಥೆ ಹೇಳುವ ಮಾಸ್ತರರೂ ಕುರಿಯ ಮಾಸ್ತರರೂ ಒಬ್ಬರೇ ಎಂಬುದು ಮಾತ್ರ ನಮ್ಮ ತಲೆಗೆ ಹೊಳೆದಿರಲಿಲ್ಲ.

ಮರುದಿನ ಬೆಳಿಗ್ಗೆ ಮರಿಗಳನ್ನು ನೋಡಲು ಹೊರಟರೆ ಗುಡ್ಡದ ಅರ್ಧಕ್ಕೇ ಕೆಮ್ಮು ಹತ್ತಿತು. ನಾಲ್ಕಾರು ಗಂಡಸರು ಬಿಲದ ಬಾಯಿಗೆ ಮುಳ್ಳುಕಂಟಿ, ಒಣ ಮೆಣಸಿನಕಾಯಿ ತುರುಕಿ ಬೆಂಕಿ ಇಟ್ಟು, ಹೊಗೆ ಒಳಕ್ಕೇ ಹೋಗಲೆಂದು ಸುತ್ತ ಕಲ್ಲು ಒಟ್ಟುತ್ತಿದ್ದರು. ಒಳಗಿನಿಂದ ಸಣ್ಣ ದನಿ ಬರುತ್ತಿತ್ತು... ಆಮೇಲೆ ಬರಲಿಲ್ಲ. ಸ್ವಲ್ಪ ದೂರದಲ್ಲಿ ಮಾಸ್ತರರು ಧೋತರದ ಚುಂಗನ್ನು ಮೂಗಿಗೆ ಹಿಡಿದು ನಿಂತಿದ್ದರು. ನಮ್ಮನ್ನು ಕಂಡರು.

"ಮನಿಗೆ ನಡೀರಿ. ಘಾಟು ಕಣ್ಣಿಗೆ ಹತ್ತತೈತಿ," ಅಂದರು.

ನಮ್ಮ ಕಣ್ಣಿನ ಮೇಲೆ ಎಂಥ ಕಾಳಜಿ! ಇವತ್ತಿಗೂ ಆ ಮಾತು ನೆನೆದರೆ ಉಗುಳಬೇಕೆನಿಸುತ್ತದೆ.

ಅಷ್ಟಕ್ಕೇ ಮುಗಿದಿದ್ದರೆ ಹೊಟ್ಟೆಪಾಡು ಎಂದು ಸುಮ್ಮನಾಗುತ್ತಿದ್ದೆನೇನೋ. ಮುಂದಿನ ಶನಿವಾರ ಅವರು ಮತ್ತೆ ಕಥೆ ಹೇಳಿದರು. ಅದೇ ಬಂಡೆ, ಅದೇ ಜಾಲಿಗಿಡ. ಕಿವಿ ಜಗಿಯುವ ಮರಿಯೂ ಇತ್ತು; ಅದನ್ನು ಅವರಿಗೆ ಹೇಳಿದವರು ನಾವೇ. ಕಳ್ಳರು ಹೊಗೆ ಹಾಕಲು ಬಂದಾಗ ಇಬ್ಬರು ಹುಡುಗಿಯರು ಮರಿಗಳನ್ನು ಉಡಿಯಲ್ಲಿ ಕಟ್ಟಿಕೊಂಡು ಪಾರು ಮಾಡುತ್ತಾರೆ. ತರಗತಿಗೆ ತರಗತಿಯೇ ಚಪ್ಪಾಳೆ ತಟ್ಟಿತು. ಪಕ್ಕದಲ್ಲಿದ್ದ ನನ್ನ ಗೆಳತಿಯೂ ತಟ್ಟಿದಳು. ಅವಳ ಮುಖ ನೋಡಿದೆ. ಗುಡ್ಡದಲ್ಲಿ ಕಣ್ಣಾರೆ ಕಂಡದ್ದನ್ನು ಬಿಟ್ಟು ಅವಳು ಮಾಸ್ತರರ ಮಾತನ್ನೇ ನಂಬಿಬಿಟ್ಟಿದ್ದಳು.

ಮುಂದೆ ಆ ಕಥೆಗಳು ಅಚ್ಚಾದವು. ಕೊಪ್ಪಳದಲ್ಲಿ ಅವರಿಗೆ ಶಾಲು ಹೊದಿಸಿದರು. ಮೂಕಪ್ರಾಣಿಗಳ ಬಂಧು ಎಂದು ಯಾರೋ ಭಾಷಣ ಮಾಡಿದರಂತೆ. ಅವರು ತೀರಿಕೊಂಡಾಗ ನಾನು ಮಣ್ಣಿಗೆ ಹೋಗಲಿಲ್ಲ. ಶನಿವಾರ ಬಂದರೆ ಈಗಲೂ ಮನಸ್ಸು ಒಂದು ಕಥೆಗೆ ಹಸಿಯುತ್ತದೆ. ಅದಕ್ಕೂ ಅವರ ದನಿಯೇ ಬೇಕು, ದರಿದ್ರದ್ದು...

ಅಂಗಳದಿಂದ ಒಳಗೆ ಬಂದಾಗ ಘಾಟು ಇಳಿದಿತ್ತು. ಮೊಮ್ಮಗಳು ಕೊನೆಯ ಪುಟದಲ್ಲಿದ್ದಳು.

"ಅಜ್ಜಿ, ಈ ಗುಡ್ಡ ನಿಮ್ಮೂರ ಕಡೀದಂತ. ಆ ಮರಿ ದೊಡ್ಡುವಾಗಿ ಈಗೂ ಕೂಗ್ತಾವಂತ. ನನ್ನ ಕರಕೊಂಡ ಹೋಗ್ತಿಯೇನು?"

ಹೂಂ ಅಂದಿದ್ದರೆ ಆ ಹೊತ್ತು ಕಳೆದುಹೋಗುತ್ತಿತ್ತು. ನಾನು ಹುಟ್ಟಿದ ಮನೆಯ ಅಂಗಳದಲ್ಲಿ ಮಲಗಿದರೆ ಈಗ ಲಾರಿಗಳ ಸದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಆದರೆ ಅವಳ ಮುಖದಲ್ಲಿ ನನಗೆ ಆ ಶನಿವಾರದ ಗೆಳತಿ ಕಂಡಳು.

"ಆ ಮರಿ ಉಳೀಲಿಲ್ಲವ್ವ. ಇದ ಮೆಣಸಿನಕಾಯಿ ಹೊಗಿ ಹಾಕಿ ಕೊಂದ್ರು."

ಅವಳು ಪುಸ್ತಕ ನೋಡಿದಳು, ನನ್ನನ್ನು ನೋಡಿದಳು. "ಹಂಗಾರ ಇದನ್ನ ಬರದೋರಿಗೆ ಗೊತ್ತಿರಲಿಲ್ಲೇನು?"

"ಗೊತ್ತಿತ್ತು. ಅಲ್ಲೇ ನಿಂತಿದ್ರು."

ಅವಳು ಹಿಂದಿನ ಪುಟಗಳನ್ನು ತಿರುವಿ ಒಂದು ಚಿತ್ರದ ಮೇಲೆ ಬೆರಳಿಟ್ಟಳು. ಕಿವಿ ಜಗಿಯುವ ಮರಿ.

"ಇದೂ ಸುಳ್ಳೇನು?"

"ಇಲ್ಲವ್ವ," ಅಂದೆ. "ಅದೊಂದು ಖರೇನ ಇತ್ತು."